ಲಾಳಿಯಕ್ಕನ ಕಿವಿಯಾಗಬೇಕಿದ್ದ ಮರಿ

ಬಟ್ಟೆ ಗಿರಣಿಯ ಡಾಕ್ಟರು ಲಾಳಿಯಕ್ಕನ ಕಾಗದದಲ್ಲಿ ‘ವಯಸ್ಸಿನಿಂದ ಬಂದ ಕಿವುಡು’ ಎಂದು ಬರೆದಾಗ ಆಕೆಗೆ ನಲವತ್ತೊಂದು ವರ್ಷ. ಬರೆದ ಡಾಕ್ಟರಿಗೆ ಅರವತ್ತು ದಾಟಿತ್ತು. ಮೂರು ಕೋಣೆ ಆಚೆ ಚಹಾದ ಲೋಟ ಇಟ್ಟರೂ ಅವರಿಗೆ ಕೇಳಿಸುತ್ತಿತ್ತು. ಇಪ್ಪತ್ತೆರಡು ವರ್ಷ ಆರು ಮಗ್ಗಗಳ ನಡುವೆ ಓಡಾಡಿದ ಹೆಂಗಸು ಆಕೆ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಹಾರುವ ಲಾಳಿಯ ಹೆಸರನ್ನು ಜೊತೆಯವರು ಸುಮ್ಮನೆ ಇಟ್ಟದ್ದಲ್ಲ. ಕಿವಿಗೆ ಏನಾದರೂ ತುರುಕಿಕೊಂಡರೆ ಮೇಸ್ತ್ರಿ ಬೈಯುತ್ತಿದ್ದ: ಎಳೆ ಕಡಿದ ಸದ್ದು ಕೇಳಿಸದೆ ಬಟ್ಟೆ ಹಾಳಾಗುತ್ತದಂತೆ. ಹತ್ತಿಯನ್ನೇ ತಿಂದು ಬದುಕುವ ಗಿರಣಿಯಲ್ಲಿ ಒಬ್ಬ ಹೆಂಗಸಿನ ಕಿವಿಗಿಡಲು ಎರಡುಂಡೆ ಹತ್ತಿ ಹುಟ್ಟಲಿಲ್ಲ.

ಕಿವಿ ಹೋದರೂ ಮಾತು ನಿಂತಿರಲಿಲ್ಲ. ಮಗ್ಗದ ಗದ್ದಲದಲ್ಲಿ ದುಡಿದವರಿಗೆಲ್ಲ ತುಟಿ ಓದಲು ಬರುತ್ತದೆ. ಲಾಳಿಯಕ್ಕನ ಗಂಡನಿಗೆ ಬೀದಿಯ ತಿರುವಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು. ಊರೆಲ್ಲ ಅವನನ್ನು ಪಂಕ್ಚರಣ್ಣ ಎನ್ನುತ್ತಿತ್ತು. ಮಹಾ ಮಾತುಗಾರ. ಟ್ಯೂಬಿನ ಒಂದು ತೂತು ಮುಚ್ಚುವಷ್ಟರಲ್ಲಿ ಊರಿನ ಹತ್ತು ತೂತು ಬಿಚ್ಚುತ್ತಿದ್ದ. ಅದೆಲ್ಲವನ್ನೂ ಮನೆಗೆ ಬಂದು ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತು, ತುಟಿ ಬಿಡಿಸಿ ಬಿಡಿಸಿ ಹೆಂಡತಿಗೆ ಹೇಳುತ್ತಿದ್ದ. ಅವಳು ಅವನ ಬಾಯಿಯನ್ನೇ ನೋಡಿಕೊಂಡು ನಗುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಬಾಯಿ, ಈ ಕಣ್ಣು, ಸಂಸಾರ ಇಷ್ಟೇ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಮಾತು ತೊದಲುತ್ತ ಬರುತ್ತಿತ್ತು; ಕೆಳಮನೆಯ ದರ್ಜಿಗೆ ಅದರಲ್ಲಿ ಅರ್ಧವಾದರೂ ತಿಳಿಯುತ್ತಿತ್ತು. ಲಾಳಿಯಕ್ಕನಿಗೆ ಒಂದಕ್ಷರವೂ ಇಲ್ಲ. ಮೂವತ್ತು ವರ್ಷ ಓದಿದ ತುಟಿ ಈಗ ಯಾವುದೋ ಪರಲಿಪಿಯಾಗಿತ್ತು.

ಅವರದು ಮಹಡಿ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಅವನ ಕಬ್ಬಿಣದ ಮಂಚ, ಹಿಂದಿನದು ಅಡುಗೆಗೆ, ಅಲ್ಲಿಂದ ಹನ್ನೊಂದು ಮೆಟ್ಟಿಲು ಹತ್ತಿದರೆ ತಾರಸಿ. ತಾರಸಿಯ ಮೇಲೆ ನಲ್ಲಿ, ಒಗೆಯುವ ಕಲ್ಲು. ಗಿರಣಿ ಬಿಟ್ಟ ಮೇಲೆ ಆಕೆ ಒಂದು ಲಾಡ್ಜಿನ ಬೆಡ್‌ಶೀಟು ಒಗೆದು ಒಣಗಿಸಿ ಕೊಡುತ್ತಿದ್ದಳು. ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಅವಳಿರುವುದು ಮೇಲೆ, ಅವನಿರುವುದು ಕೆಳಗೆ. ಒಂದು ದಿನ ಅವನು ನೀರಿನ ಚೊಂಬಿಗೆ ಕೈ ಚಾಚಲು ಹೋಗಿ ನೆಲಕ್ಕೆ ಬಿದ್ದ. ಎಡಗೈಯಲ್ಲಿ ಚೊಂಬನ್ನು ನೆಲಕ್ಕೆ ಬಡಿದ, ಬಡಿದ. ಹೆಂಡತಿ ತಲೆಯ ಮೇಲೆಯೇ ಬಟ್ಟೆ ಬಡಿಯುತ್ತಿದ್ದಳು. ಮುಕ್ಕಾಲು ಗಂಟೆಯಾದ ಮೇಲೆ ದರ್ಜಿ ಹೊಲಿಗೆ ನಿಲ್ಲಿಸಿ ಮೇಲೆ ಓಡಿ ಬಂದ.

ಸುದ್ದಿ ಆಸ್ಪತ್ರೆಗೆ ಮುಟ್ಟಿತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸಮ್ಮ ಬಂದು ಲಾಳಿಯಕ್ಕನ ಎದುರಿಗೇ ಕೂತು ನಿಧಾನವಾಗಿ ಹೇಳಿದರು.

“ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಕ್ಕಾ. ಆದ್ರೆ ಕರೆದ್ರೆ ಕೇಳಿಸ್ಕೊಳ್ಳೋರು ಒಬ್ರು ಮನೇಲಿರ್ಬೇಕು. ಇಲ್ಲಾಂದ್ರೆ ನಾನು ದೊಡ್ಡಾಸ್ಪತ್ರೆ ವಾರ್ಡಿಗೆ ಬರೀಲೇಬೇಕು. ವಾಸಿಯಾಗದವ್ರನ್ನ ಇಟ್ಕೊಳ್ಳೋ ವಾರ್ಡು.”

“ಜೊತೆಗೆ ನಾನೂ ಇರಬಹುದಾ?”

“ಗಂಡಸರ ವಾರ್ಡಕ್ಕಾ. ಭಾನುವಾರ ಎರಡರಿಂದ ನಾಲ್ಕು, ನೋಡ್ಕೊಂಡು ಬರಬಹುದು.”

“ವಾರಕ್ಕೆ ಎರಡು ಗಂಟೇನಾ?” ಲಾಳಿಯಕ್ಕ ಗಂಡನ ಕಡೆ ತಿರುಗಿದಳು. ಅವನು ಗೋಡೆ ನೋಡುತ್ತಿದ್ದ. “ಮೂರು ತಿಂಗಳು ಬಿಡಿ ಸಿಸ್ಟರ್. ಕೇಳಿಸ್ಕೋತೀನಿ.”

“ಹೇಗೆ?”

“ಅದು ನನಗೆ ಬಿಡಿ.”

ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ಯಾರೋ ಧರ್ಮಾತ್ಮರು ಶಿಬಿರ ನಡೆಸಿ ಕೊಟ್ಟ ಕಿವಿಯಂತ್ರ ಒಂದಿತ್ತು. ಕೊಡುವಾಗ ಫೋಟೋ ತೆಗೆದಿದ್ದರು. ಕೊಟ್ಟದ್ದು ಕಿವಿಗೆ ಹೊಂದುತ್ತದೋ ಇಲ್ಲವೋ ಯಾರೂ ನೋಡಿರಲಿಲ್ಲ. ಹಾಕಿಕೊಂಡರೆ ಇಡೀ ಬೀದಿ ಗಿರಣಿಯಾಗಿ ತಲೆಯೊಳಗೆ ನುಗ್ಗುತ್ತಿತ್ತು. ಅದು ಗುಂಡಿಗಳ ಡಬ್ಬಿಯಲ್ಲಿ ಬಿದ್ದಿತ್ತು.

ಉಪಾಯ ಹೇಳಿದವನು ಪಶು ಆಸ್ಪತ್ರೆಯ ಕಾಂಪೌಂಡರ್. ಪಂಕ್ಚರಣ್ಣನ ಹಳೆಯ ಗಿರಾಕಿ. ಒಂದು ಬೆಳಗ್ಗೆ ಔಷಧದ ರಟ್ಟಿನ ಡಬ್ಬಿಯೊಂದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಒಳಗೆ ಎರಡು ತಿಂಗಳ ಹೆಣ್ಣು ಮರಿ. ತಾಯಿ ಯಾವುದೋ ಬಂಗಲೆಯ ಜೂಲುನಾಯಿ, ಅಪ್ಪ ಬೀದಿಯದು. ಬೆರಕೆ ಹುಟ್ಟಿತು ಅಂತ ಬಂಗಲೆಯವರು ಕಸದಂತೆ ಆಸ್ಪತ್ರೆಯ ಗೇಟಿನಲ್ಲಿ ಇಟ್ಟು ಹೋಗಿದ್ದರು. ಮೈ ತುಂಬ ಮಣ್ಣಿನ ಬಣ್ಣದ ಕೂದಲು, ಬಾಲ ಮಾತ್ರ ಇಲಿಯದು.

“ಇದೇನಯ್ಯ, ನಾಯಿನೋ ಕುರಿನೋ?” ಹಿಂದೆಯೇ ಬಂದ ದರ್ಜಿ ಕೇಳಿದ.

“ಎರಡೂ ಅಲ್ಲ, ಅಕ್ಕನ ಕಿವಿ.” ಕಾಂಪೌಂಡರ್ ಮರಿಯ ತಲೆ ಎತ್ತಿ ತೋರಿಸಿದ. “ನೋಡಕ್ಕಾ, ಒಂದು ಕಿವಿ ಎದ್ದಿದೆ, ಒಂದು ಬಿದ್ದಿದೆ. ನಿನ್ನ ಲೆಕ್ಕಕ್ಕೆ ಒಂದು ಜಾಸ್ತೀನೇ ಆಯ್ತು.”

ಅವನ ತುಟಿ ಓದಿ ಲಾಳಿಯಕ್ಕ ಅವನ ಬೆನ್ನಿಗೊಂದು ಗುದ್ದಿದಳು. ನಕ್ಕಳು ಕೂಡ.

ಪಾಠ ಹೀಗೆ. ಹಳೆಯ ಸೈಕಲಿನ ಬೆಲ್ಲೊಂದನ್ನು ಮಂಚದ ಸರಳಿಗೆ ಎಡಗೈಗೆ ಸಿಗುವಂತೆ ಬಿಗಿದರು. ಪಂಕ್ಚರಣ್ಣ ಬೆಲ್ ಹೊಡೆಯಬೇಕು. ಲಾಳಿಯಕ್ಕ ಎಲ್ಲಿದ್ದರೂ ಮರಿ ಹುಡುಕಿ ಹೋಗಿ ಮೊಣಕಾಲಿನ ಹಿಂದೆ ಮೂತಿ ಒತ್ತಬೇಕು. ಒತ್ತಿದರೆ ಒಂದು ಚೂರು ರಸ್ಕು.

“ಒಂದು ಮಾತು ಇಬ್ರೂ ಕೇಳಿ,” ಎಂದ ಕಾಂಪೌಂಡರ್. “ಬೆಲ್ ಹೊಡೆಯೋ ಕೈ ಅಣ್ಣಂದು. ತಿನ್ನೋಕೆ ಕೊಡೋ ಕೈ ಅಕ್ಕಂದು. ಅದಲುಬದಲಾಯ್ತೋ, ಮುಗೀತು ಕಥೆ.”

ಮೊದಲ ಎರಡು ವಾರ ಕಥೆ ಶುರುವೇ ಆಗಲಿಲ್ಲ. ಮರಿ ಲಾಡ್ಜಿನ ಒಗೆದ ಬೆಡ್‌ಶೀಟುಗಳ ಗಂಟನ್ನೇ ಹುಡುಕಿ ಹೋಗಿ ಉಚ್ಚೆ ಹೊಯ್ಯುತ್ತಿತ್ತು. ಒಂದೇ ಚಪ್ಪಲಿ ತಿನ್ನುತ್ತಿತ್ತು, ಜೋಡಿಯ ಎರಡನೆಯದನ್ನು ಮುಟ್ಟುತ್ತಿರಲಿಲ್ಲ. ಲಾಳಿಯಕ್ಕ ತಾರಸಿಯ ಮೂಲೆಯಲ್ಲಿ ಹಳೆ ಟ್ರೇಗೆ ಮರಳು ಸುರಿದು, ತಿಂದ ಮೇಲೆ, ಎದ್ದ ಮೇಲೆ, ಆಡಿದ ಮೇಲೆ ಎತ್ತಿಕೊಂಡು ಹೋಗಿ ನಿಲ್ಲಿಸುವಳು. ಹೊಡೆಯಲಿಲ್ಲ. ಮೇಸ್ತ್ರಿಯ ಕೈಕೆಳಗೆ ಇಪ್ಪತ್ತೆರಡು ವರ್ಷ ಇದ್ದವಳಿಗೆ ಬೈಗುಳದಿಂದ ಏನು ಕಲಿಯುತ್ತಾರೆ ಎಂಬುದು ಗೊತ್ತಿತ್ತು: ಅಡಗಿಕೊಳ್ಳುವುದನ್ನು.

ಬೆಲ್ಲಿನ ಪಾಠವನ್ನು ಒಂದೇ ಕೋಣೆಯಲ್ಲಿ ಶುರು ಮಾಡಿದರು. ಅವಳು ಮಂಚದ ಪಕ್ಕ ನಿಂತು ತಲೆಯಾಡಿಸಿದರೆ ಅವನು ಬೆಲ್ ಹೊಡೆಯುವನು. ಮರಿ ಬೆಚ್ಚಿ ಬೆಲ್ಲನ್ನೇ ನೋಡುವುದು. ಅವಳು ಕಾಲು ತಟ್ಟಿ ಕರೆದು, ಮೂತಿ ಮೊಣಕಾಲಿಗೆ ತಾಗಿದ ಕೂಡಲೇ ರಸ್ಕು ಕೊಡುವಳು. ದಿನಕ್ಕೆ ಮೂವತ್ತು ಸಲ. ಆಮೇಲೆ ಬಾಗಿಲ ಬಳಿ. ಆಮೇಲೆ ಅಡುಗೆಮನೆಯಲ್ಲಿ. ಎಂಟನೆಯ ವಾರಕ್ಕೆ ಮೆಟ್ಟಿಲು. ಮರಿಯ ಕಾಲು ಗಿಡ್ಡ. ಮೂರನೆಯ ಮೆಟ್ಟಿಲಿಗೆ ಹೊಟ್ಟೆ ತಗುಲಿಸಿಕೊಂಡು ತೂಗಾಡುತ್ತಿತ್ತು. ಹತ್ತನೆಯ ವಾರ, ಅವಳು ಬೆನ್ನು ತಿರುಗಿಸಿ ಬಟ್ಟೆ ಬಡಿಯುತ್ತಿದ್ದಾಗ ಮೊಣಕಾಲ ಹಿಂದೆ ತಣ್ಣನೆಯ ಮೂತಿ ಒತ್ತಿತು. ಅವಳು ಸಾಬೂನು ಕೈಯಲ್ಲೇ ಕೆಳಗೆ ಓಡಿ ಬಂದು, “ರೀ, ಕರೆದ್ರಾ? ನೀವು ಕರೆದ್ರಾ?” ಎಂದು ಕೂಗಿದ್ದು ನಮ್ಮ ಎದುರು ಸಾಲಿನ ಮನೆಗಳಿಗೂ ಕೇಳಿಸಿತು. ಅವನು ತಲೆಯಾಡಿಸಿದ.

ಆ ವಾರ ನಾವೆಲ್ಲ ತಮಾಷೆ ನೋಡಲು ಹೋದೆವು. ನಾನೂ ಹೋಗಿದ್ದೆ. ಬೆಲ್ ಹೊಡೆಸಿ, ಚಪ್ಪಾಳೆ ತಟ್ಟಿ, ಚಹಾ ಕುಡಿದು ಬಂದೆ.

ಹನ್ನೆರಡನೆಯ ವಾರ ಮರಿ ಕೆಡತೊಡಗಿತು. ಹತ್ತು ಸಲ ಬೆಲ್ ಆದರೆ ಆರು ಸಲ ಬರುವುದು, ನಾಲ್ಕು ಸಲ ಇಲ್ಲ. ಬಂದರೂ ರಸ್ಕನ್ನು ಮೂಸಿ ಬಿಡುವುದು. ಲಾಳಿಯಕ್ಕ ಹೆದರಿದಳು. ನರ್ಸಮ್ಮ ಬರುವುದಕ್ಕೆ ಐದೇ ದಿನ ಉಳಿದಿತ್ತು. ಜಂತುವಿನ ಮದ್ದು ಹಾಕಿಸಿದಳು, ರಸ್ಕಿನ ಬದಲು ಬಿಸ್ಕೆಟ್ಟು ತಂದಳು, ಪಾಠ ಇನ್ನೂ ಹೆಚ್ಚಿಸಿದಳು. ಮಂಚದ ಪಕ್ಕ ಅವಳು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಮರಿಯ ಸರಪಳಿ, ಬ್ರಷ್ಷು, ಚಿಗಟದ ಪುಡಿಯ ಡಬ್ಬ.

ಮಾರನೆಯ ದಿನ ಎಂಟು ಗಂಟೆಗೇ ನಲ್ಲಿ ನಿಂತಿತು. ಅವಳು ಬರಿಗಾಲಲ್ಲಿ ಕೆಳಗಿಳಿದು ಬಂದಳು. ಅಡುಗೆಮನೆಯ ಬಾಗಿಲಿನಿಂದ ಕಂಡದ್ದು ಇದು: ಗಂಡ ಬೆಲ್ ಹೊಡೆದ. ಮೂಲೆಯಲ್ಲಿದ್ದ ಮರಿ ಬಾಣದ ಹಾಗೆ ಓಡಿ ಮಂಚದ ಮೇಲೆ ಮುಂಗಾಲಿಟ್ಟಿತು. ಅವನು ದಿಂಬಿನ ಕೆಳಗಿಂದ ತನ್ನ ಚಹಾದ ರಸ್ಕು ತೆಗೆದು ಕೊಟ್ಟ. ಅದು ತಿಂದು ಅವನ ಬೆರಳು, ಮಣಿಕಟ್ಟು, ಗಲ್ಲ ನೆಕ್ಕಿತು. ಅವನು ನಗುತ್ತಿದ್ದ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದನ್ನು ಅವಳು ನೋಡಿರಲಿಲ್ಲ.

“ಎಷ್ಟು ದಿನದಿಂದ?” ಅವಳ ಗಂಟಲು ದರ್ಜಿಯ ಮಿಷನ್ನನ್ನು ನಿಲ್ಲಿಸಿತು. “ನಿಮಗೆ ಬುದ್ಧಿ ಇದೆಯೇನ್ರೀ? ಮಂಡಿ ಸವೆದು ಹೋಯ್ತು ನಂದು, ಇದಕ್ಕೆ ಕಲಿಸಿ ಕಲಿಸಿ! ವಾರ್ಡಿಗೆ ಹೋಗ್ಬೇಕಾ? ನಿಮಗೆ ಅಷ್ಟು ಆಸೆಯಾದ್ರೆ ಹೋಗಿ! ನಾಳೇನೇ ಹೋಗಿ!”

ಅವನು ಏನೋ ಹೇಳಿದ. ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದ. ಮೆಟ್ಟಿಲ ಮೇಲೆ ಬಂದು ನಿಂತಿದ್ದ ದರ್ಜಿಯ ಕಡೆ ಅವಳು ತಿರುಗಿದಳು.

“ಏನಂತೆ ಇವರದ್ದು?”

ದರ್ಜಿ ತಲೆ ತಗ್ಗಿಸಿದ. ಆಮೇಲೆ ನೆನಪಾಗಿ, ಅವಳಿಗೆ ತುಟಿ ಕಾಣಲೆಂದು ಮುಖ ಎತ್ತಿದ. “ಯಾರೂ ಮುಟ್ಟಲ್ಲ ಅಂತಾರೆ ಅಕ್ಕಾ. ಒಂದೊಂದ್ಸಲ ಹಾಗೇ ಕರೀಬೇಕು ಅನ್ಸುತ್ತಂತೆ. ನೀನು ಬಂದ್ರೆ ನೀರಾ, ಬೆಡ್‌ಪ್ಯಾನಾ ಅಂತ ಕೇಳಿ ಹೋಗ್ತೀಯಂತೆ. ಇದು ಬಂದ್ರೆ ಕೂತ್ಕೊಳ್ಳತ್ತಂತೆ.”

ಲಾಳಿಯಕ್ಕ ಸ್ಟೂಲಿನ ಮೇಲಿದ್ದುದನ್ನೆಲ್ಲ ನೆಲಕ್ಕಿಟ್ಟು ಕೂತಳು. ನಲ್ಲಿಯಲ್ಲಿ ನೀರು ಮತ್ತೆ ಬಂದು ತಾರಸಿಯಿಂದ ಸುರಿಯುವವರೆಗೂ ಎದ್ದಿರಲಿಲ್ಲ ಎಂದು ದರ್ಜಿ ಹೇಳುತ್ತಾನೆ.

ಕಾಂಪೌಂಡರ್ ಬಂದು ನೋಡಿ ತಲೆ ಚಚ್ಚಿಕೊಂಡ. ಕಲಿತದ್ದನ್ನು ಮರೆಸಿ ಮತ್ತೆ ಕಲಿಸಲು ತಿಂಗಳು ಬೇಕು. ಇದ್ದದ್ದು ನಾಲ್ಕು ದಿನ. ನಾಲ್ಕೂ ದಿನ ಪಂಕ್ಚರಣ್ಣ ಎಡಗೈಯನ್ನು ಮುಷ್ಟಿ ಕಟ್ಟಿಕೊಂಡು ಮಲಗಿದ. ಮರಿ ಆ ಮುಷ್ಟಿಯನ್ನು ನೆಕ್ಕುತ್ತ ಕೂತಿತು.

ಮಂಗಳವಾರ ಹತ್ತಕ್ಕೆ ನರ್ಸಮ್ಮ ಬಂದರು. ಲಾಳಿಯಕ್ಕನನ್ನು ತಾರಸಿಗೆ ಕಳಿಸಿ, ಬೆಲ್ ಹೊಡೆಯಲು ಹೇಳಿ ಗಡಿಯಾರ ನೋಡಿಕೊಂಡರು. ಮರಿ ಮಂಚಕ್ಕೆ ಬಂತು. ಮೇಲೆ ಬಟ್ಟೆ ಬಡಿಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ಎರಡನೆಯ ಸಲವೂ ಅಷ್ಟೇ. ನರ್ಸಮ್ಮ ಕಟುಕರೇನಲ್ಲ, “ಇನ್ನೊಂದ್ಸಲ ನೋಡೋಣ ಅಣ್ಣಾ” ಎಂದರು. ಮೂರನೆಯ ಸಲ ಬೆಲ್ ಆದಾಗ ಮರಿ ಬಂದು ಮುಂಗಾಲಿಟ್ಟಿತು. ಪಂಕ್ಚರಣ್ಣ “ಹೋ! ಹೋ!” ಎಂದು ಅರಚಿ ಅದರ ಮುಖಕ್ಕೆ ಎಡಗೈ ಬೀಸಿ ಹೊಡೆದ. ಅದು ಅಷ್ಟು ದಿನದಲ್ಲಿ ತಿಂದ ಮೊದಲ ಏಟು. ಮರಿ ಕುಂಯ್ ಎಂದು ಮಂಚದಡಿ ಸೇರಿತು. ತಾರಸಿಗೂ ಹೋಗಲಿಲ್ಲ, ಅವನ ಹತ್ತಿರಕ್ಕೂ ಬರಲಿಲ್ಲ. ಅವನು ಕೈಯಿಂದ ಮುಖ ಮುಚ್ಚಿಕೊಂಡ.

ಶುಕ್ರವಾರ ಗಾಡಿ ಬಂತು.

ಸೇರಿಸುವ ಫಾರಮ್ಮಿನಲ್ಲಿ ‘ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ’ ಎಂದು ಅಚ್ಚಾಗಿತ್ತು. ಲಾಳಿಯಕ್ಕ ಅಕ್ಷರ ಕೂಡಿಸಿ ಓದಿ, ಗಾಡಿಯ ಜೊತೆ ಬಂದ ಗುಮಾಸ್ತನಿಗೆ ತಿರುಗಿಸಿ ಕೊಟ್ಟಳು.

“ನೋಡ್ಕೊಳ್ಳೋಳು ನಾನಿದ್ದೀನಲ್ಲ. ಗಿರಣಿ ನನ್ನ ಕಿವಿ ತಿಂತು ಅಂತ ಬರೀರಿ.”

“ಅದಕ್ಕೆ ಕಾಲಂ ಇಲ್ಲಮ್ಮ. ಸೈನ್ ಹಾಕದಿದ್ರೂ ಕರ್ಕೊಂಡು ಹೋಗ್ತೀವಿ, ಭಾನುವಾರ ನಿಮ್ಮನ್ನ ಒಳಗೆ ಬಿಡಲ್ಲ ಅಷ್ಟೇ.”

ಹಾಕಿದಳು. ಈ ನಾಡಿನಲ್ಲಿ ಕಿವಿ ತಿಂದವರಿಗೆ ಕಾಲಂ ಇಲ್ಲ, ಕಳೆದುಕೊಂಡವರು ಎಲ್ಲಿ ಸೈನ್ ಹಾಕಬೇಕು ಎಂಬುದಕ್ಕೆ ಮಾತ್ರ ಚುಕ್ಕೆಗೆರೆ ಇದೆ.

ಮೊದಲ ಭಾನುವಾರ ಅವಳು ವಾರ್ಡಿಗೆ ಹೋದಳು. ನಲವತ್ತು ಮಂಚ, ಒಬ್ಬಳು ಆಯಾ. ಪ್ರತಿ ಮಂಚಕ್ಕೂ ಒಂದು ವೈರು ಇಳಿಬಿಟ್ಟು ತುದಿಗೆ ಸ್ವಿಚ್ಚು ಕಟ್ಟಿದ್ದರು. ಕರೆದರೆ ಯಾರಾದರೂ ಬರುತ್ತಾರಾ ಎಂದು ಕೇಳಿದಳು. ಅವನು ಸ್ವಿಚ್ಚು ಒತ್ತಿ ತೋರಿಸಿದ. ಬಾಗಿಲ ಮೇಲೊಂದು ಕೆಂಪು ಬಲ್ಬು ಹತ್ತಿತು. ಇಬ್ಬರೂ ಅದನ್ನು ನೋಡುತ್ತ ಕೂತರು. ಯಾರೂ ಬರಲಿಲ್ಲ. ನಾಲ್ಕು ಗಂಟೆಗೆ ಆಯಾ ಬಂದದ್ದು, ಹೊರಗಿನವರು ಹೊರಡಿ ಎನ್ನುವುದಕ್ಕೆ.

ಬಾಗಿಲು ದಾಟುವಾಗ ಲಾಳಿಯಕ್ಕ ಆ ಬಲ್ಬಿನ ಕೆಳಗೆ ನಿಂತುಬಿಟ್ಟಳು. ಒಂದು ವೈರು, ಒಂದು ಸ್ವಿಚ್ಚು, ಒಂದು ಬಲ್ಬು. ಅಡುಗೆಮನೆಗೊಂದು, ಒಗೆಯುವ ಕಲ್ಲಿನ ಎದುರಿಗೊಂದು.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆಸ್ಪತ್ರೆಯ ನರ್ಸು, ಪಶು ಆಸ್ಪತ್ರೆಯ ಕಾಂಪೌಂಡರು, ದಿನವಿಡೀ ಕರೆಂಟಿನ ಮಿಷನ್ ತುಳಿಯುವ ದರ್ಜಿ, ಊರಿಗೆಲ್ಲ ಬುದ್ಧಿ ಹೇಳಿ ಬರೆಯುವ ನಾನು. ಮೂರು ತಿಂಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಕೆಗೆ ಕಿವಿ ಇಲ್ಲ ಎಂಬುದನ್ನು ಎಲ್ಲರೂ ನೋಡಿದೆವು. ಕಣ್ಣಿದೆ ಎಂಬುದನ್ನು ಯಾರೂ ನೋಡಲಿಲ್ಲ. ನಾಯಿಯ ಆಟ ನಮಗೆ ಚೆನ್ನಾಗಿತ್ತು.

ಮಾರನೆಯ ದಿನವೇ ಎಲೆಕ್ಟ್ರಿಷಿಯನ್ ಬಂದು ಒಂದೂವರೆ ಗಂಟೆಯಲ್ಲಿ ಎರಡು ಕೆಂಪು ಬಲ್ಬು ಹಾಕಿಕೊಟ್ಟು ಹೋದ. ನರ್ಸಮ್ಮ ಬಂದು ಸ್ವಿಚ್ಚು ಒತ್ತಿ ನೋಡಿ, ಮೆಟ್ಟಿಲ ಮೇಲೆ ಕುಕ್ಕರಿಸಿದರು. “ನನ್ನ ತಲೆಗೇನಾಗಿತ್ತು ಅಕ್ಕಾ?” ಎಂದರು. ಅರ್ಜಿಯನ್ನು ಅವರೇ ಬರೆದುಕೊಟ್ಟರು. ಒಳಗೆ ಹೋಗಲು ಮೂರು ದಿನ ಸಾಕಾಗಿತ್ತು. ಹೊರಗೆ ಬರುವ ಅರ್ಜಿಗೆ ಸಮಿತಿ ಕೂರಬೇಕು. ಸಮಿತಿಯ ಒಬ್ಬರು ನಿವೃತ್ತರಾದರು, ಇನ್ನೊಬ್ಬರು ಬರಲಿಲ್ಲ. ಏಳು ತಿಂಗಳು ಹೋಯಿತು.

ಮರಿ ಅಷ್ಟರಲ್ಲಿ ಬೆಳೆದು ಮಂಡಿಯೆತ್ತರ ಆಗಿತ್ತು. ಅದನ್ನು ಬೇರೆ ಮನೆಗೆ ಕೊಡಿಸಲೇ ಎಂದು ಕಾಂಪೌಂಡರ್ ಕೇಳಿದ್ದ.

“ಯಾಕೆ? ಅದೇನು ತಪ್ಪು ಮಾಡ್ತು? ಕೊಟ್ಟ ಕೈ ಹತ್ರ ಹೋಯ್ತು, ಅಷ್ಟೇ ತಾನೆ?” ಎಂದಳು ಲಾಳಿಯಕ್ಕ. ಪ್ರತಿ ಭಾನುವಾರ ಅದನ್ನು ಕರೆದುಕೊಂಡು ಹೋಗಿ ದೊಡ್ಡಾಸ್ಪತ್ರೆಯ ಬೇಲಿಗೆ ಕಟ್ಟಿ ಒಳಗೆ ಹೋಗುತ್ತಿದ್ದಳು. ನಾಯಿಗಳಿಗೆ ಪ್ರವೇಶವಿಲ್ಲ.

ಎಂಟನೆಯ ತಿಂಗಳು ಸಮಿತಿಯ ಕರೆ ಬಂತು. ರೋಗಿ ತಾನಾಗಿ ಸ್ವಿಚ್ಚು ಒತ್ತಿ ಕರೆಯಬಲ್ಲನೇ ಎಂದು ಡಾಕ್ಟರು ನೋಡಬೇಕು, ಕರೆಯಬಲ್ಲನಾದರೆ ಮನೆಗೆ. ಲಾಳಿಯಕ್ಕ ಒಗೆದ ಅಂಗಿ ತಂದು ಅವನಿಗೆ ತೊಡಿಸಿದಳು. ಮನೆಯ ಬಲ್ಬುಗಳ ವಿಷಯ ಕೂಗಿ ಕೂಗಿ ಹೇಳಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಡಾಕ್ಟರು ಸ್ವಿಚ್ಚನ್ನು ಅವನ ಎಡಗೈಗೆ ಕೊಟ್ಟರು.

“ಯಜಮಾನ್ರೇ, ಒತ್ತಿ. ಯಾರನ್ನಾದ್ರೂ ಕರೀರಿ.”

ಅವನು ಒತ್ತಲಿಲ್ಲ.

“ಇವ್ರು ಒತ್ತೋದು ಬಿಟ್ಟು ಐದಾರು ತಿಂಗ್ಳಾಯ್ತು ಸಾರ್,” ಎಂದಳು ಆಯಾ. “ಏನೂ ಗಲಾಟೆ ಇಲ್ಲ. ಒಳ್ಳೆ ಪೇಷೆಂಟು.”

ಆ ಮಾತನ್ನು ಲಾಳಿಯಕ್ಕ ಆಯಾಳ ತುಟಿಯಲ್ಲಿ ಓದಿದಳು. “ರೀ, ನಾನಿದ್ದೀನಿ ನೋಡಿ. ಒತ್ರೀ, ಒಂದೇ ಒಂದ್ಸಲ,” ಎಂದು ಅವನ ಹೆಬ್ಬೆರಳನ್ನು ಸ್ವಿಚ್ಚಿನ ಮೇಲಿಟ್ಟಳು.

“ನೀವು ಒತ್ತೋ ಹಾಗಿಲ್ಲಮ್ಮ,” ಎಂದರು ಡಾಕ್ಟರು.

ಅವಳು ಕೈ ತೆಗೆದಳು. ಪಂಕ್ಚರಣ್ಣ ಸ್ವಿಚ್ಚನ್ನು ನಿಧಾನವಾಗಿ ಹಾಸಿಗೆಯ ಮೇಲೆ ಇಟ್ಟ. ಅದೇ ಕೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದುಕೊಂಡ, ಬಿಗಿಯಾಗಿ. ಕರೆಯಬೇಕಾದವಳು ಬಂದೇ ಇದ್ದಾಳೆ, ಇನ್ನು ಯಾರನ್ನು ಕರೆಯುವುದು ಎಂಬ ಹಾಗೆ.

ಡಾಕ್ಟರು ಎರಡು ನಿಮಿಷ ಕಾದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ‘ಕರೆಯುವ ಸಾಮರ್ಥ್ಯವಿಲ್ಲ’ ಎಂದು ಬರೆದು ಮುಂದಿನ ಮಂಚಕ್ಕೆ ಹೋದರು.